ಕೋಳಿ ಕಾವಿಗೆ ಕೂತು ಬಾತುಮರಿ ಮಾಡಿದೆ: ಏನು ತಿನ್ನಿಸಬೇಕು, ನೀರಿಗೆ ಯಾವಾಗ ಬಿಡಬೇಕು?

ನಾಲೆಬದಿ (ಬೆಳಿಗ್ಗೆ 7.10)
ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ಕಡೆ, ಮನೆ ಹಿಂದೆಯೇ ವಿ.ಸಿ. ನಾಲೆಯ ಕಾಲುವೆ ಹರಿಯುತ್ತದೆ. ನಾಟಿ ಕೋಳಿ ಸಾಕಿ ಅಭ್ಯಾಸ ಇದೆ, ಬಾತು ಇದೇ ಮೊದಲು. ಅತ್ತೆ ಮನೆಯಿಂದ ಏಳೆಂಟು ಬಾತು ಮೊಟ್ಟೆ ತಂದು ಕಾವಿಗೆ ಬಂದಿದ್ದ ಹೇಂಟೆ ಕೆಳಗೆ ಇಟ್ಟಿದ್ದೆವು. ಮೊನ್ನೆ ಮರಿ ಆದವು, ಚುರುಕಾಗಿವೆ.

ವಿಷಯ ಏನಪ್ಪಾ ಅಂದರೆ, ಹೇಂಟೆ ನೆಲ ಕೆದಕಿ ಕೊಕ್ ಕೊಕ್ ಅಂತ ಕರೆದು ನುಚ್ಚು ತೋರಿಸುತ್ತದೆ. ಮರಿಗಳು ಓಡಿ ಬರುತ್ತವೆ, ಆದರೆ ಕೆದಕಿದ ಜಾಗದ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನ ತಟ್ಟೆ ಕಂಡರೆ ಎಲ್ಲವೂ ಅದರೊಳಗೇ. ಒಂದು ಬಾಯಿ ನುಚ್ಚು, ಓಡಿ ಹೋಗಿ ಒಂದು ಬಾಯಿ ನೀರು, ದಿನವಿಡೀ ಇದೇ ಕೆಲಸ. ಸ್ವಲ್ಪ ಹೊತ್ತಿಗೇ ತಟ್ಟೆ ಪೂರ್ತಿ ಕೆಸರು. ಮೈ ಒದ್ದೆ ಮಾಡಿಕೊಂಡು ಹೇಂಟೆ ರೆಕ್ಕೆ ಕೆಳಗೆ ನುಗ್ಗುತ್ತವೆ, ಪಾಪ ಅದೂ ಒದ್ದೆ.

ನಿಜವಾದ ತಾಯಿ ಬಾತು ಇದ್ದಿದ್ದರೆ ಹೇಗೆ ತಿನ್ನಿಸುತ್ತಿತ್ತು? ಪಾರಿವಾಳದ ಥರ ಬಾಯಿಗೆ ಬಾಯಿಟ್ಟು ಕೊಡುತ್ತದಾ? ಪಕ್ಕದ ಮನೆಯವರು ಕಡಲೆಕಾಯಿ ಹಿಂಡಿ ನೆನೆಸಿ ಹಾಕಿ, ಬೇಗ ಮೈ ಹಿಡಿಯುತ್ತವೆ ಅನ್ನುತ್ತಾರೆ. ಹಾಕಬಹುದಾ? ಕಾಲುವೆಗೆ ಯಾವಾಗ ಬಿಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಹಟ್ಟಿಕೋಳಿ (7.32)
ಕೋಳಿಮರಿಗೆ ಏನು ಹಾಕುತ್ತೀರೋ ಅದನ್ನೇ ಹಾಕಿ ಅಣ್ಣ. ಬಾತು ಗಟ್ಟಿ ಜೀವ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕೆರೆಏರಿ (8.05)
ಬಾಯಿಗೆ ಬಾಯಿಟ್ಟು ಕೊಡುವುದಿಲ್ಲ ಸರ್. ಬಾತುಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈ ತುಂಬಾ ತುಪ್ಪಟ ಇರುತ್ತದೆ, ಒಂದು ದಿನದೊಳಗೆ ಗೂಡು ಬಿಟ್ಟು ಅಮ್ಮನ ಹಿಂದೆ ನಡೆಯುತ್ತದೆ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಮೊದಲ ಒಂದೆರಡು ದಿನದ ಬುತ್ತಿ. ಆಮೇಲೆ ತಾನೇ ಹುಡುಕಿ ತಿನ್ನಬೇಕು.

ಹಾಗಂತ ತಾಯಿಗೆ ಕೆಲಸ ಇಲ್ಲ ಅಂತಲ್ಲ. ನಮ್ಮ ಕೆರೆಗಳಲ್ಲಿ ಚುಕ್ಕೆಕೊಕ್ಕಿನ ಬಾತು ಮರಿ ಮಾಡುತ್ತದೆ. ಬೆಳಿಗ್ಗೆ ಬೇಗ ಹೋಗಿ ದೂರದಿಂದ ನೋಡಿ. ತಾಯಿ ಮರಿಗಳನ್ನು ನಡುನೀರಿಗೆ ಕರೆದುಕೊಂಡು ಹೋಗುವುದಿಲ್ಲ. ಜೊಂಡು ಇರುವ, ಮೊಣಕಾಲೂ ಮುಳುಗದ ಅಂಚಿಗೆ ತರುತ್ತದೆ. ಅಲ್ಲಿ ಸೊಳ್ಳೆ ಮರಿಹುಳು, ನೀರಿನ ಹುಳು, ಸಣ್ಣ ಬಸವನಹುಳು ದಂಡಿಯಾಗಿ ಇರುತ್ತವೆ. ಮರಿಗಳು ನೀರಿನ ಮೇಲೆ ಕೊಕ್ಕು ಇಟ್ಟು ಚಪ್ ಚಪ್ ಅಂತ ಸೋಸಿಕೊಂಡು ಹೋಗುತ್ತವೆ, ಹಾರುವ ನೊಣಕ್ಕೆ ಎಗರುತ್ತವೆ. ತಾಯಿ ಮಾತ್ರ ಕತ್ತು ಎತ್ತಿ ನಿಂತಿರುತ್ತದೆ. ಗರುಡನ ನೆರಳು ಬಿತ್ತು ಅಂದರೆ ಒಂದು ಸಣ್ಣ ಕೂಗು, ಮರುಕ್ಷಣ ಎಲ್ಲ ಮರಿಗಳೂ ಜೊಂಡಿನೊಳಗೆ.

ಜಾಗ ತೋರಿಸುವುದು, ಕಾವಲು, ರಾತ್ರಿ ಬಿಸಿ. ತಾಯಿ ಮಾಡುವುದು ಇಷ್ಟು. ನಿಮ್ಮ ಹೇಂಟೆ ಕಾವಲು, ಬಿಸಿ ಎರಡನ್ನೂ ಚೆನ್ನಾಗಿ ಮಾಡುತ್ತದೆ. ಜಾಗ ತೋರಿಸುವ ಕೆಲಸ ಅದಕ್ಕೆ ಬರುವುದಿಲ್ಲ, ಅದನ್ನು ನೀವು ಮಾಡಬೇಕು.

ಪಶುವೈದ್ಯೆ_ಮಲೆನಾಡು (8.20)
ನಾಲೆಬದಿ ಅವರೇ, ಹಿಂಡಿ ಹಾಕಬೇಡಿ. ಇವತ್ತೂ ಬೇಡ, ನಾಳೆಯೂ ಬೇಡ. ಕಡಲೆಕಾಯಿ ಹಿಂಡಿಗೆ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಎಲ್ಲ ಸಾಕುಹಕ್ಕಿಗಳಿಗೂ ಅದು ಕೆಟ್ಟದ್ದೇ, ಆದರೆ ಬಾತುಮರಿಗೆ ತಡೆಯುವ ಶಕ್ತಿ ತೀರಾ ಕಡಿಮೆ. ಲಿವರ್ ಹೋಗಿಬಿಡುತ್ತದೆ.

ಹಟ್ಟಿಕೋಳಿ (8.41)
ಮೇಡಂ, ನಮ್ಮ ಅಜ್ಜಿ ಹಿಂಡಿ ಹಾಕಿಯೇ ಬಾತು ಸಾಕಿದ್ದರು. ಒಂದೂ ಸತ್ತಿದ್ದು ನೋಡಿಲ್ಲ. ಈಗಿನವರಿಗೆ ಎಲ್ಲದರಲ್ಲೂ ವಿಷವೇ ಕಾಣುತ್ತದೆ.

ಪಶುವೈದ್ಯೆ_ಮಲೆನಾಡು (9.02)
ಅಜ್ಜಿ ಹಾಕಿದ್ದು ಊರಿನ ಗಾಣದಿಂದ ಅವತ್ತೇ ತಂದ ಹಿಂಡಿ ಇರಬಹುದು. ಈಗ ಸಿಗುವುದು ಗೋಡೌನಿನಲ್ಲಿ ಎಷ್ಟು ದಿನ ಕೂತಿತ್ತೋ ಹೇಳುವವರಿಲ್ಲ. ಬೂಷ್ಟು ಕೆರೆದು ತೆಗೆದರೂ ವಿಷ ಒಳಗೆ ಉಳಿಯುತ್ತದೆ. ನೆನೆಸಿದರೂ ಹೋಗಲ್ಲ, ಕುದಿಸಿದರೂ ಹೋಗಲ್ಲ.

ಈ ವಿಷ ಪತ್ತೆಯಾದದ್ದೇ ಹೀಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಬಾತುಮರಿಗಳೂ ಸತ್ತವು. ಕಾರಣ ಗೊತ್ತಾಗದೆ ‘ಟರ್ಕಿ ಎಕ್ಸ್ ರೋಗ’ ಅಂತ ಕರೆದರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿ. ಆಮೇಲೆ ಎಷ್ಟೋ ಕಾಲ ಮೇವಿನಲ್ಲಿ ಈ ವಿಷ ಇದೆಯಾ ಅಂತ ನೋಡಲು ಲ್ಯಾಬಿನಲ್ಲಿ ಒಂದು ದಿನದ ಬಾತುಮರಿಗೇ ತಿನ್ನಿಸಿ ಪರೀಕ್ಷೆ ಮಾಡುತ್ತಿದ್ದರು. ಅಷ್ಟು ಸೂಕ್ಷ್ಮ ಅದು. ಹಿಂಡಿ ಒಂದೇ ಅಲ್ಲ, ಬೂಷ್ಟು ವಾಸನೆ ಬರುವ ಜೋಳ, ನುಚ್ಚು, ಹಳೇ ಬ್ರೆಡ್ಡು ಯಾವುದೂ ಬೇಡ.

ಹಟ್ಟಿಕೋಳಿ (9.10)
ಹೊಸ ಹಿಂಡಿ ಆದರೆ ತೊಂದರೆ ಇಲ್ಲ ಅಂತಾಯಿತಲ್ಲ ಹಾಗಾದರೆ?

ಪಶುವೈದ್ಯೆ_ಮಲೆನಾಡು (9.14)
ಹೊಸದು ಅಂತ ನೀವೇ ಕಣ್ಣಾರೆ ನೋಡಿ ತಂದಿದ್ದರೆ ದೊಡ್ಡ ಬಾತಿಗೆ ಸ್ವಲ್ಪ ಹಾಕಿ. ಮರಿಗೆ ಬೇಡ. ಬೇರೆ ಮೇವು ಬೇಕಾದಷ್ಟಿದೆ, ಆ ರಿಸ್ಕು ಯಾಕೆ?

ನಾಲೆಬದಿ (9.40)
ತುಂಬಾ ಉಪಕಾರ ಮೇಡಂ. ಹಿಂಡಿ ಬಿಟ್ಟೆ. ಮತ್ತೆ ಏನು ಹಾಕಲಿ? ಅಂಗಡಿಯಲ್ಲಿ ಕೋಳಿಮರಿ ಸ್ಟಾರ್ಟರ್ ಫೀಡ್ ಸಿಗುತ್ತದೆ.

ಕುಟ್ಟನಾಡ್_ಕನ್ನಡಿಗ (10.15)
ನಾನು ಕೆಲಸದ ಮೇಲೆ ಆಲಪ್ಪುಳ ಕಡೆ ಇದ್ದೇನೆ. ಇಲ್ಲಿ ಬಾತು ಸಾಕಣೆ ದೊಡ್ಡ ಕಸುಬು. ಚಾರ, ಚೆಂಬಳ್ಳಿ ಅಂತ ಎರಡು ನಾಡತಳಿ ಇವೆ. ಇವರು ಮರಿ ನೋಡಿಕೊಳ್ಳುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲ ದಿನಗಳಲ್ಲಿ ಬೇಯಿಸಿದ ಅಕ್ಕಿ, ನುಚ್ಚು. ಆಮೇಲೆ ಸಣ್ಣಗೆ ಕೊಚ್ಚಿದ ಒಣಮೀನು, ಬಸವನಹುಳು ಸೇರಿಸುತ್ತಾರೆ. ಎಲ್ಲವೂ ಒದ್ದೆ ಒದ್ದೆ. ಪುಡಿ ಮೇವು ಒಣಗಿದ್ದನ್ನೇ ಹಾಕಿದರೆ ಕೊಕ್ಕಿಗೆ, ಮೂಗಿನ ತೂತಿಗೆ ಅಂಟಿಕೊಳ್ಳುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಮರಿಗಳು ಒಂದು ಬಾಯಿ ನುಚ್ಚಿಗೆ ಒಂದು ಬಾಯಿ ನೀರು ಅಂತ ಓಡುವುದು ಅದಕ್ಕೇ. ಮೇವಿನ ತಟ್ಟೆ ಪಕ್ಕದಲ್ಲೇ ನೀರಿಡಿ. ನೀರಿಲ್ಲದ ಹೊತ್ತಲ್ಲಿ ಮೇವು ಇಡಲೇಬೇಡಿ.

ನೀರಿನ ಪಾತ್ರೆ ಹೇಗಿರಬೇಕು ಅಂದರೆ ಮೂಗಿನ ತೂತು ಮುಳುಗುವಷ್ಟು ಆಳ, ಮೈ ಇಳಿಯದಷ್ಟು ಕಿರಿದು. ಮೂಗು ತೊಳೆದುಕೊಳ್ಳದಿದ್ದರೆ ಕಣ್ಣಿನಲ್ಲಿ ಪಿಸುರು ಕಟ್ಟುತ್ತದೆ. ತಟ್ಟೆ ನಡುವೆ ಒಂದು ದೊಡ್ಡ ಕಲ್ಲು ಇಟ್ಟರೆ ಸಾಕು, ಒಳಗೆ ಕೂರಲು ಜಾಗ ಇರುವುದಿಲ್ಲ.

ಪಶುವೈದ್ಯೆ_ಮಲೆನಾಡು (10.50)
ಮೇಲಿನವರು ಹೇಳಿದ್ದು ಸರಿ. ಸ್ಟಾರ್ಟರ್ ಫೀಡ್ ಹಾಕಬಹುದು, ಆದರೆ ಎರಡು ವಿಷಯ ನೋಡಿಕೊಳ್ಳಿ. ಒಂದು, ಔಷಧಿ ಬೆರೆಸಿದ ಫೀಡ್ ಬೇಡ. ಕೋಳಿಮರಿಯ ರಕ್ತಭೇದಿಗೆ ಅಂತ ಬೆರೆಸುವ ಕೆಲವು ಔಷಧಿ ಬಾತಿಗೆ ಆಗಿಬರುವುದಿಲ್ಲ. ಇನ್ನೊಂದು, ನಯಾಸಿನ್ ಅನ್ನುವ ಬಿ ವಿಟಮಿನ್. ಬಾತುಮರಿಗೆ ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ ಬೇಕು, ಕೋಳಿಮರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಬರೀ ಕೋಳಿ ಫೀಡಿನಲ್ಲಿ ಬೆಳೆದ ಬಾತುಮರಿಗೆ ಕಾಲು ಸೊಟ್ಟಗಾಗುವುದು, ಮಂಡಿ ಊದಿಕೊಳ್ಳುವುದು, ಕುಂಟುವುದು ಇದರಿಂದಲೇ ಜಾಸ್ತಿ. ಯೀಸ್ಟ್ ಪುಡಿ ಸ್ವಲ್ಪ ಮೇವಿಗೆ ಬೆರೆಸಿ. ಅದು ಸಿಗದಿದ್ದರೆ ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿ, ಕೋಳಿಗೆ ಕೊಡುವ ಬಿ-ಕಾಂಪ್ಲೆಕ್ಸ್ ಎಷ್ಟು ಹಾಕಬೇಕು ಅಂತ ಹೇಳುತ್ತಾರೆ.

ಅಂದ ಹಾಗೆ ಹೇಂಟೆಗೂ ಚೆನ್ನಾಗಿ ಮೇವು ಹಾಕಿ. ಕೋಳಿ ಮೊಟ್ಟೆಗೆ 21 ದಿನ, ಬಾತು ಮೊಟ್ಟೆಗೆ 28. ಅದು ಒಂದು ವಾರ ಜಾಸ್ತಿ ಅರೆಹೊಟ್ಟೆಯಲ್ಲಿ ಕೂತಿದೆ.

ಕರಾವಳಿ_ಅಕ್ಕ (11.05)
ಮಸ್ಕೋವಿ ಆದರೆ 35 ದಿನ. ಅದೇ ಕೆಂಪು ಮುಖದ್ದು, ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ಅದಕ್ಕೆ ಕೋಳಿಯ ಹಂಗು ಬೇಕಾಗಿಲ್ಲ. ತಾನೇ ಕಾವಿಗೆ ಕೂರುತ್ತದೆ, ತಾನೇ ಮರಿ ಕರೆದುಕೊಂಡು ತೋಟ ಸುತ್ತುತ್ತದೆ. ಹತ್ತಿರ ಹೋದರೆ ನಾಯಿಯನ್ನೂ ಅಟ್ಟಿಸಿಕೊಂಡು ಬರುತ್ತದೆ.

ನಾಲೆಬದಿ (11.12)
ಅಕ್ಕ, ಹಾಗಾದರೆ ನಮ್ಮತ್ತೆ ಮನೆ ಬಾತು ಯಾಕೆ ಕಾವಿಗೆ ಕೂರಲ್ಲ? ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ. ಖಾಕಿ ಬಣ್ಣದ್ದು.

ಕರಾವಳಿ_ಅಕ್ಕ (11.20)
ಖಾಕಿ ಕ್ಯಾಂಬೆಲ್ ಇರಬೇಕು. ಮೊಟ್ಟೆಗೆ ಅಂತಲೇ ಆರಿಸಿ ಆರಿಸಿ ಬೆಳೆಸಿದ ತಳಿ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ. ಕಾವಿಗೆ ಕೂತ ಹಕ್ಕಿ ಮೊಟ್ಟೆ ನಿಲ್ಲಿಸುತ್ತದೆ ಅಲ್ವಾ? ಹಾಗಾಗಿ ಕಾವಿಗೆ ಕೂರುವ ಗುಣವೇ ಅದರಲ್ಲಿ ಹೊರಟುಹೋಗಿದೆ. ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರ್ಮಿನಲ್ಲಿ ಈ ತಳಿ ಸಾಕುತ್ತಾ ಬಂದಿದ್ದಾರೆ.

ತುಂಗಭದ್ರಾ_ಹುಡುಗ (11.48)
ನಮ್ಮ ಗಂಗಾವತಿ ಕಡೆ ಭತ್ತ ಕೊಯ್ಲಾದ ಮೇಲೆ ಬಾತಿನ ಮಂದೆ ತರುತ್ತಾರೆ. ಗದ್ದೆ ತುಂಬ ಬಾತು, ಉದ್ದ ಕೋಲು ಹಿಡಿದ ಇಬ್ಬರು ಮೂವರು. ಉದುರಿದ ಭತ್ತ, ಹುಳ, ಬಸವನಹುಳು ಎಲ್ಲ ಖಾಲಿ ಮಾಡುತ್ತವೆ. ಮಂದೆ ಕಾಯುವ ಒಬ್ಬ ಯಜಮಾನರನ್ನು ಮಾತಾಡಿಸಿದ್ದೆ. ಎಳೆಮರಿಗಳನ್ನು ಗದ್ದೆಗೆ ಇಳಿಸುವ ಮುಂಚೆ ಅವರು ಕೇಳುವುದು ಒಂದೇ ಮಾತು, ಔಷಧಿ ಹೊಡೆದು ಎಷ್ಟು ದಿನ ಆಯಿತು? ಸ್ಪ್ರೇ ಮಾಡಿದ ಗದ್ದೆ ನೀರು ಕುಡಿದರೆ ಮಂದೆಗೆ ಮಂದೆಯೇ ಮಲಗುತ್ತದೆ ಅಂದರು.

ನಾಲೆಬದಿ ಅಣ್ಣ, ನಿಮ್ಮ ಕಾಲುವೆ ಮೇಲೆ ಗದ್ದೆಗಳಿವೆಯಲ್ಲ, ಆ ಬಸಿನೀರು ನೋಡಿಕೊಳ್ಳಿ.

ಹಟ್ಟಿಕೋಳಿ (12.03)
ಇದು ಒಳ್ಳೇ ಮಾತು. ಒಪ್ಪುತ್ತೇನೆ.

ಶಾಲೆಮೇಷ್ಟ್ರು (12.30)
ಸ್ವಲ್ಪ ಬೇರೆ ವಿಷಯ. ಮರಿಗಳು ಕೋಳಿಯನ್ನೇ ಅಮ್ಮ ಅಂದುಕೊಳ್ಳುತ್ತವಲ್ಲ, ಇದನ್ನು ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್ ಹೆಬ್ಬಾತುಗಳಲ್ಲಿ ವಿವರವಾಗಿ ನೋಡಿದ್ದರು. ಹುಟ್ಟಿದ ಕೂಡಲೇ ಕಣ್ಣಿಗೆ ಬಿದ್ದ, ನಡೆದಾಡುವ ಜೀವದ ಹಿಂದೆ ಹೋಗುತ್ತವೆ. ಅವರ ಹಿಂದೆಯೇ ಮರಿಗಳ ಸಾಲು ಹೋಗುತ್ತಿತ್ತು. 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಮಕ್ಕಳಿಗೆ ಈ ಪಾಠ ಮಾಡಿದರೆ ಕಣ್ಣರಳಿಸಿ ಕೇಳುತ್ತಾರೆ.

ಕೆರೆಏರಿ (12.52)
ಮೇಷ್ಟ್ರೇ, ಕಣ್ಣಿಗೆ ಬೀಳುವುದಷ್ಟೇ ಅಲ್ಲ, ಕಿವಿಯೂ ಇದೆ. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಮ್ಯಾಲಾರ್ಡ್ ಅನ್ನುವ ಕಾಡುಬಾತಿನ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮರಿ ಮೊಟ್ಟೆಯೊಳಗೆ ಇರುವಾಗಲೇ ಚಿಯ್ ಅನ್ನುತ್ತದೆ, ತಾಯಿ ಹೊರಗಿನಿಂದ ಉತ್ತರ ಕೊಡುತ್ತದೆ. ಹುಟ್ಟಿದ ಮೇಲೆ ತನ್ನ ಜಾತಿಯ ತಾಯಿ ಕೂಗನ್ನು ಮರಿ ಬೇರೆ ಹಕ್ಕಿಯ ಕೂಗಿನಿಂದ ಬೇರೆ ಮಾಡಿ ಗುರುತಿಸುತ್ತದೆ.

ಇನ್ನೊಂದು ಚಂದದ ಸಂಗತಿ. ತಾಯಿ ದಿನಕ್ಕೊಂದರಂತೆ ಮೊಟ್ಟೆ ಇಡುತ್ತದೆ, ಆದರೆ ಎಲ್ಲ ಇಟ್ಟು ಮುಗಿಯುವ ತನಕ ಕಾವಿಗೆ ಕೂರುವುದಿಲ್ಲ. ಹಾಗಾಗಿ ಮೊದಲ ಮೊಟ್ಟೆ, ಕೊನೇ ಮೊಟ್ಟೆ ಎಲ್ಲ ಒಟ್ಟಿಗೇ ಒಡೆಯುತ್ತವೆ. ಒಂದೇ ಸಲ ಎಲ್ಲರನ್ನೂ ಕರೆದುಕೊಂಡು ನೀರಿಗೆ ಹೊರಡಬಹುದು.

ಮೈಸೂರ್_ಮಲ್ಲಿಗೆ_ಬಳ್ಳಿ (1.15)
ಅಪ್ಪ ಬಾತು ಎಲ್ಲಿರುತ್ತದೆ ಇಷ್ಟೆಲ್ಲ ಆಗುವಾಗ?

ಕೆರೆಏರಿ (1.24)
ಮ್ಯಾಲಾರ್ಡಿನಲ್ಲಿ ತಾಯಿ ಕಾವಿಗೆ ಕೂತ ಮೇಲೆ ಗಂಡು ಹೊರಟುಹೋಗುತ್ತದೆ. ಬೇರೆ ಗಂಡುಗಳ ಜೊತೆ ಸೇರಿ ಹಳೇ ಗರಿ ಉದುರಿಸುತ್ತದೆ, ಆಗ ಕೆಲವು ವಾರ ಹಾರಲಿಕ್ಕೂ ಬರುವುದಿಲ್ಲ. ನಮ್ಮ ಸಾಕುಬಾತುಗಳಲ್ಲಿ ಮಸ್ಕೋವಿ ಬಿಟ್ಟು ಉಳಿದವೆಲ್ಲ ಮ್ಯಾಲಾರ್ಡ್ ವಂಶದವೇ.

ಆದರೆ ನಮ್ಮ ಸಿಳ್ಳೆ ಬಾತು ಹಾಗಲ್ಲ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ, ಎರಡೂ ಮರಿ ಜೊತೆ ಇರುತ್ತವೆ. ಮರದ ಪೊಟರೆಯಲ್ಲೋ, ಕಾಗೆ ಬಿಟ್ಟ ಹಳೇ ಗೂಡಿನಲ್ಲೋ ಮೊಟ್ಟೆ ಇಡುವುದೂ ಉಂಟು.

ಮೈಸೂರ್_ಮಲ್ಲಿಗೆ_ಬಳ್ಳಿ (1.31)
ದೇವನಕ್ಕಿಯಲ್ಲಿ ಅಪ್ಪನೇ ಎಲ್ಲ ಮಾಡುತ್ತದೆ. ಮರಿಗಳನ್ನು ರೆಕ್ಕೆ ಕೆಳಗೆ ಎತ್ತಿಕೊಂಡು ತಾವರೆ ಎಲೆ ಮೇಲೆ ಓಡುತ್ತದೆ, ಮರಿಯ ಕಾಲು ಮಾತ್ರ ಹೊರಗೆ ಜೋತಾಡುತ್ತಿರುತ್ತವೆ. ಕುಕ್ಕರಹಳ್ಳಿ ಕಡೆ ವಾಕಿಂಗ್ ಹೋಗುವವರು ಬಾತುಮರಿ ಒಂದನ್ನೇ ನೋಡಿ ಬರಬೇಡಿ, ಕೆರೆಯಲ್ಲಿ ಎಷ್ಟೊಂದು ಥರದ ಸಂಸಾರ ಇವೆ!

ರವಿವಾರದ_ಕ್ಯಾಮೆರಾ (1.50)
ಬಾತು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುವ ಫೋಟೋ ನನ್ನ ಹತ್ತಿರ ಇದೆ. ಚಿಕ್ಕ ಬಾತು, ಕಂದು ಬಣ್ಣ, ಚೂಪು ಕೊಕ್ಕು. ಅದನ್ನು ಯಾರೂ ಹೇಳಲೇ ಇಲ್ಲವಲ್ಲ?

ಕೆರೆಏರಿ (1.58)
ಚೂಪು ಕೊಕ್ಕು ಅಂದರೆ ಅದು ಗುಳುಮುಳುಕ ಸರ್, ಬಾತು ಅಲ್ಲವೇ ಅಲ್ಲ. ಗುಳುಮುಳುಕ ಬೆನ್ನ ಮೇಲೆ ಹೊರುತ್ತದೆ, ಮರಿ ಬಾಯಿಗೆ ಮೀನು, ಹುಳು ಇಡುತ್ತದೆ. ನಾಮದ ಕೋಳಿಯೂ ಬಾಯಿಗೆ ಕೊಡುತ್ತದೆ. ನೀರಿನಲ್ಲಿ ತೇಲುವುದೆಲ್ಲ ಬಾತಲ್ಲ. ಫೋಟೋ ಮಾತ್ರ ಹಾಕಿ, ನೋಡೋಣ.

ಸಿಡ್ನಿಯಿಂದ_ಶಿರಸಿ (2.20)
ಬಾತು ಬಾಯಿಗೆ ಕೊಡುವುದೇ ಇಲ್ಲ ಅನ್ನಬೇಡಿ. ಆಸ್ಟ್ರೇಲಿಯಾದಲ್ಲಿ ಮಸ್ಕ್ ಡಕ್ ಅಂತ ಇದೆ, ಮಸ್ಕೋವಿ ಅಲ್ಲ, ಇದೇ ಬೇರೆ. ತಾಯಿ ಮುಳುಗಿ ಹಿಡಿದು ತಂದದ್ದನ್ನು ಮರಿಗೆ ಕೊಡುತ್ತದೆ. ಆಳ ನೀರಿನ ತಳದಲ್ಲಿರುವ ಆಹಾರ ಎಳೆಮರಿಗೆ ಎಟುಕುವುದಿಲ್ಲವಲ್ಲ.

ಕೆರೆಏರಿ (2.26)
ಹೌದು, ಅದು ಹೊರತು. ಸೇರಿಸಿದ್ದಕ್ಕೆ ಥ್ಯಾಂಕ್ಸ್.

ಮಿನ್ನೆಸೋಟಾ_ಕನ್ನಡತಿ (2.45)
ಇಲ್ಲಿ ಬೆಮಿಜಿ ಸರೋವರದಲ್ಲಿ 2018ರಲ್ಲಿ ಒಂದು ಮರ್ಗ್ಯಾನ್ಸರ್ ಬಾತಿನ ಹಿಂದೆ 76 ಮರಿಗಳ ಫೋಟೋ ಸಿಕ್ಕಿತ್ತು, ಎಲ್ಲ ಕಡೆ ಸುದ್ದಿಯಾಗಿತ್ತು. ಅಷ್ಟೂ ಅದರ ಸ್ವಂತ ಮರಿಗಳಲ್ಲ. ಬೇರೆ ಹೆಣ್ಣುಗಳ ಮರಿಗಳೂ ಸೇರಿ ಒಬ್ಬಳು ಅನುಭವಸ್ಥ ತಾಯಿಯ ಹಿಂದೆ ಇದ್ದವು. ಈ ಜಾತಿಯಲ್ಲಿ ಹೀಗೆ ಕೂಡಿ ಸಾಕುವುದು ಇದೆ. ನಮ್ಮ ದೊಡ್ಡಮ್ಮನ ಮನೆ ಬೇಸಿಗೆ ರಜೆ ನೆನಪಾಯಿತು ನನಗೆ.

ಶಾಲೆಮೇಷ್ಟ್ರು (3.05)
ಸಾಲಾಗಿ ಈಜುವುದರಲ್ಲೂ ಲೆಕ್ಕ ಇದೆಯಂತೆ. ತಾಯಿ ಎಬ್ಬಿಸಿದ ಅಲೆಯ ಸರಿಯಾದ ಜಾಗದಲ್ಲಿ ಮರಿ ಇದ್ದರೆ ಆ ಅಲೆಯೇ ಅದನ್ನು ಮುಂದೆ ತಳ್ಳುತ್ತದೆ, ಹಿಂದಿನ ಮರಿಗೂ ಅದೇ ಲಾಭ ಸಿಗುತ್ತಾ ಹೋಗುತ್ತದೆ. 2021ರಲ್ಲಿ ಇದರ ಲೆಕ್ಕಾಚಾರ ಪ್ರಕಟವಾಯಿತು. 2022ರಲ್ಲಿ ಇಗ್ ನೊಬೆಲ್ ಕೂಡ ಸಿಕ್ಕಿತು, ಅದೇ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ತಮಾಷೆಯಾಗಿ ಕೊಡುವ ಬಹುಮಾನ.

ಗದಗ್_ಮಾಗಡಿ (3.30)
ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತು ಬರುತ್ತವೆ. ಒಂದು ಸಲವೂ ಪುಟ್ಟ ಮರಿ ನೋಡಿಲ್ಲ. ಯಾಕೆ?

ಕೆರೆಏರಿ (3.41)
ಅವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ, ಬೇಸಿಗೆಯಲ್ಲಿ. ಇಲ್ಲಿಗೆ ಬರುವ ಹೊತ್ತಿಗೆ ಮರಿ ದೊಡ್ಡದಾಗಿ ಅಪ್ಪ ಅಮ್ಮನ ಜೊತೆ ಹಿಮಾಲಯ ದಾಟಿರುತ್ತದೆ. ಹಿಂಡನ್ನು ಗಮನಿಸಿ ನೋಡಿ. ತಲೆ ಮೇಲೆ ಆ ಎರಡು ಕಪ್ಪು ಪಟ್ಟೆ ಇಲ್ಲದ, ನೆತ್ತಿ ಕತ್ತಿನ ಹಿಂಭಾಗ ಕಂದಗಿರುವ ಹಕ್ಕಿಗಳು ಕಾಣುತ್ತವೆ. ಅವೇ ಆ ವರ್ಷದ ಮರಿಗಳು.

ಗದಗ್_ಮಾಗಡಿ (3.44)
ಅರೆ, ಅವನ್ನು ಬೇರೆ ಜಾತಿ ಅಂದುಕೊಂಡಿದ್ದವರು ನಮ್ಮೂರಲ್ಲಿ ಎಷ್ಟೋ ಜನ ಇದ್ದಾರೆ. ಈ ಸಲ ತೋರಿಸುತ್ತೇನೆ.

ಹೊಸಬ_ರೈತ (4.10)
ಎಲ್ಲರೂ ಇದ್ದೀರಿ, ನಂದೊಂದು ಪ್ರಶ್ನೆ. ನಮ್ಮ ಕೆರೆ ಅಂಗಳದ ಹುಲ್ಲಿನಲ್ಲಿ ಕಾಡುಬಾತಿನ ಮೊಟ್ಟೆ ಇವೆ. ಮೇಲೆ ಹತ್ತಿ ಥರ ಪುಕ್ಕ ಮುಚ್ಚಿದೆ, ತಾಯಿ ಇಲ್ಲ. ಬಿಟ್ಟು ಹೋಗಿರಬೇಕು. ತಂದು ಕೋಳಿ ಕೆಳಗೆ ಇಡಲಾ?

ಕೆರೆಏರಿ (4.13)
ಬೇಡ, ಬೇಡ, ಮುಟ್ಟಬೇಡಿ! ಪುಕ್ಕ ಮುಚ್ಚಿದೆ ಅಂದರೇನೇ ತಾಯಿ ಇದೆ ಅಂತ ಅರ್ಥ. ಅದು ತನ್ನ ಎದೆಯ ಪುಕ್ಕ ಕಿತ್ತು ಗೂಡಿಗೆ ಹಾಸಿರುತ್ತದೆ. ಮೇಯಲು ಎದ್ದು ಹೋಗುವಾಗ ಬಿಸಿ ಆರದಿರಲಿ, ಕಾಗೆ ಕಣ್ಣಿಗೆ ಬೀಳದಿರಲಿ ಅಂತ ಮುಚ್ಚಿ ಹೋಗುತ್ತದೆ. ನೀವು ಅಲ್ಲಿ ನಿಂತಿದ್ದಷ್ಟು ಹೊತ್ತೂ ಅದು ಹತ್ತಿರ ಬರುವುದಿಲ್ಲ. ದೂರ ಬಂದುಬಿಡಿ, ನಾಯಿಗಳನ್ನೂ ಆ ಕಡೆ ಬಿಡಬೇಡಿ. ಕಾಡುಬಾತಿನ ಮೊಟ್ಟೆ, ಮರಿ ತರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಹೊಸಬ_ರೈತ (4.20)
ಸರಿ ಸರ್, ಮುಟ್ಟಿಲ್ಲ. ದನ ಕಟ್ಟುವವರಿಗೂ ಆ ಕಡೆ ಬರಬೇಡಿ ಅಂತ ಹೇಳುತ್ತೇನೆ.

ನಾಲೆಬದಿ (5.05)
ಓದುತ್ತಾ ಕೂತೆ, ಎಷ್ಟು ವಿಷಯ! ಕಾಲುವೆ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಕಾಡುಬಾತಿನ ಮರಿ ಹುಟ್ಟಿದ ಮಾರನೇ ದಿನವೇ ನೀರಿಗಿಳಿದರೆ, ಇವನ್ನು ಯಾಕೆ ತಡೆಯಬೇಕು?

ಕುಟ್ಟನಾಡ್_ಕನ್ನಡಿಗ (5.30)
ಯಾಕೆಂದರೆ ಕಾಡಿನ ಮರಿ ಈಜಿ ಬಂದ ಮೇಲೆ ತಾಯಿ ಹೊಟ್ಟೆ ಕೆಳಗೆ ಸೇರಿ ಒಣಗುತ್ತದೆ. ತಾಯಿ ಗರಿಯಲ್ಲಿ ಎಣ್ಣೆ ಇದೆ, ಅದು ಒದ್ದೆಯಾಗುವುದಿಲ್ಲ. ನಿಮ್ಮ ಹೇಂಟೆಗೆ ಆ ಸವಲತ್ತಿಲ್ಲ, ನೀವೇ ಬರೆದಿದ್ದೀರಿ ಅದೂ ಒದ್ದೆ ಅಂತ. ಎಳೆಮರಿ ಸಾಯುವುದು ಮುಳುಗಿ ಅಲ್ಲ, ಜಾಸ್ತಿ ಚಳಿಗೆ. ಹರಿಯುವ ಕಾಲುವೆಯಲ್ಲಿ ಮರಿ ಕೊಚ್ಚಿಕೊಂಡು ಹೋದರೆ ಹೇಂಟೆ ದಡದಲ್ಲಿ ಕೂಗುತ್ತಾ ಓಡಬೇಕಷ್ಟೇ.

ಮೊದಲ ವಾರ ಕುಡಿಯುವ ನೀರು ಮಾತ್ರ. ಎರಡನೇ ವಾರದಿಂದ ಬಿಸಿಲೇರಿದ ಮೇಲೆ ಅಗಲ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಆಡಲು ಬಿಡಿ, ತಾವೇ ಹತ್ತಿ ಬರುವ ಹಾಗೆ ಇಟ್ಟಿಗೆ ಇಡಿ. ಸಂಜೆಗೆ ಮುಂಚೆ ಒಣಗಿರಬೇಕು. ಮೈ ಗರಿ ಮೂಡಲು ಶುರುವಾದ ಮೇಲೆ, ಸುಮಾರು ಒಂದು ತಿಂಗಳಿಗೆ, ನಿಂತ ನೀರಿನ ಗದ್ದೆಗೆ ಇಳಿಸಿ. ನಾಲೆ ಆಮೇಲೆ.

ಪಶುವೈದ್ಯೆ_ಮಲೆನಾಡು (5.48)
ರಾತ್ರಿ ಹೇಂಟೆ ಜೊತೆ ಒಣ ಹುಲ್ಲಿನ ಮೇಲೆ ಬುಟ್ಟಿ ಕವುಚಿ ಇಡಿ, ಮುಂಗುಸಿ ಇಲಿ ಬರದಂತೆ. ಹೇಂಟೆ ಹತ್ತಿರ ಸೇರಿಸದಿದ್ದರೆ ಬಲ್ಬು ಹಾಕಿ. ಮೊದಲ ವಾರ 30-32 ಡಿಗ್ರಿ ಇರಲಿ, ಆಮೇಲೆ ವಾರ ವಾರ ಸ್ವಲ್ಪ ಇಳಿಸುತ್ತಾ ಬನ್ನಿ. ಮರಿಗಳು ಒಂದರ ಮೇಲೊಂದು ಬಿದ್ದು ಗುಂಪಾಗಿದ್ದರೆ ಚಳಿ, ಬಾಯಿ ತೆರೆದು ದೂರ ಕೂತಿದ್ದರೆ ಸೆಕೆ. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಎರಡು ತಿಂಗಳಾದ ಮೇಲೆ ಬಾತು ಪ್ಲೇಗಿನ ಲಸಿಕೆ ಬಗ್ಗೆ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ, ಮರೆಯಬೇಡಿ.

ನಾಲೆಬದಿ (6.15)
ಎಲ್ಲ ಬರೆದಿಟ್ಟುಕೊಂಡೆ. ಗದ್ದೆಯಿಂದ ಬಸವನಹುಳು ಆರಿಸಿ ತಂದು ಜಜ್ಜಿ ನೀರಿನ ತಟ್ಟೆಗೆ ಹಾಕಿದೆ, ಮರಿಗಳು ಮುಗಿಬಿದ್ದವು! ಕೊನೇ ಪ್ರಶ್ನೆ. ಗಂಡು ಹೆಣ್ಣು ಯಾವಾಗ ಗೊತ್ತಾಗುತ್ತದೆ? ಖಾಕಿ ಆದ್ದರಿಂದ ಎಲ್ಲ ಒಂದೇ ಥರ ಕಾಣುತ್ತವೆ.

ಕರಾವಳಿ_ಅಕ್ಕ (6.33)
ದನಿ ಕೇಳಿ. ಒಂದೂವರೆ ಎರಡು ತಿಂಗಳಿಗೆ ಮರಿ ದನಿ ಒಡೆಯುತ್ತದೆ. ಜೋರಾಗಿ ಕ್ವಾಕ್ ಕ್ವಾಕ್ ಅಂದರೆ ಹೆಣ್ಣು, ಗಂಟಲು ಕಟ್ಟಿದ ಹಾಗೆ ಮೆತ್ತಗೆ ಅಂದರೆ ಗಂಡು. ಇನ್ನೂ ದೊಡ್ಡದಾದ ಮೇಲೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಸುರುಳಿ ಸುತ್ತಿಕೊಳ್ಳುತ್ತದೆ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಜಾಸ್ತಿ ಗಂಡು ಇಟ್ಟುಕೊಂಡರೆ ನಿಮ್ಮ ಹೇಂಟೆಗಳನ್ನೂ ಬಿಡುವುದಿಲ್ಲ, ಗಾಯ ಮಾಡುತ್ತವೆ. ಆಗ ಬೇರೆ ಕೂಡಬೇಕು.

ನಾಲೆಬದಿ (6.40)
ಸರಿ ಅಕ್ಕ, ದನಿ ಒಡೆದ ಮೇಲೆ ಬಂದು ಎಷ್ಟು ಗಂಡು ಎಷ್ಟು ಹೆಣ್ಣು ಅಂತ ಹೇಳುತ್ತೇನೆ.